ಕೊನೆಯ ಸಾಲಿನ ಬಳ್ಳಿ

“ಗುರುಗಳೇ, ವಯಸ್ಸಾದ ಮೇಲೆ ಬುದ್ಧಿ ಮಾಗುತ್ತದೋ, ಕೊಳೆಯುತ್ತದೋ?” ಎಂದು ಮರುಳಯ್ಯ ಕೇಳಿದ.

ಸುಮ್ಮನೆ ಕೇಳಿದ್ದಲ್ಲ. ಮಠದ ಅಡುಗೆಯ ಚನ್ನಮಲ್ಲಪ್ಪ ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದ. ಹಿಂದಿನ ದಿನ ಹಾಕುವುದನ್ನೇ ಮರೆತಿದ್ದ. ಮರುಳಯ್ಯ ಚಿಕ್ಕವನಾಗಿ ಮಠಕ್ಕೆ ಬಂದಾಗ ಅವನಿಗೆ ಕೈತುತ್ತು ಹಾಕಿ ಬೆಳೆಸಿದವನು ಈ ಚನ್ನಮಲ್ಲಪ್ಪನೇ. ಆದರೆ ಅಡುಗೆಮನೆಯ ಹೊಣೆ ಈಗ ಮರುಳಯ್ಯನದು. ಮುದುಕನನ್ನು ಊರಿಗೆ ಕಳಿಸಿಬಿಡಲು ಮರುದಿನ ಬೆಳಿಗ್ಗೆಗೆ ಗಾಡಿ ಹೇಳಿ ಬಂದಿದ್ದ. ಹೇಳಿ ಬಂದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

“ಅರವತ್ತಕ್ಕೆ ಅರಳು ಮರಳು ಅಂತಾರೆ, ಅಜ್ಜನಿಗೆ ಎಪ್ಪತ್ತಾಯಿತು. ಗೋಡೆ ಹಿಡಿದು ನಡೆಯುತ್ತಾನೆ. ಕೇಳಿದರೆ ತಲೆಸುತ್ತು ಅನ್ನುವ ನೆಪ ಬೇರೆ.”

“ಅವನಿಗಿಂತ ನಾನೇ ದೊಡ್ಡವನಪ್ಪಾ. ನನಗೂ ಗಾಡಿ ಹೇಳಿದ್ದೀಯೇನು?” ಎಂದು ಗುರುಗಳು ನಕ್ಕರು. ಮರುಳಯ್ಯ ನಾಲಿಗೆ ಕಚ್ಚಿಕೊಂಡ. ಗುರುಗಳು ಕತೆ ತೆಗೆದರು.

ಒಬ್ಬ ರೈತನಿಗೆ ವೀಳ್ಯದೆಲೆಯ ತೋಟವಿತ್ತು. ಅಪ್ಪ ನೆಟ್ಟ ಬಳ್ಳಿಗಳು. ವರ್ಷಕ್ಕೊಮ್ಮೆ ಬಳ್ಳಿಯನ್ನು ಮರದಿಂದ ಇಳಿಸಿ, ಬುಡದ ಭಾಗವನ್ನು ಸುರುಳಿ ಸುತ್ತಿ ಮಣ್ಣಲ್ಲಿ ಹೂತು, ತುದಿಯನ್ನು ಮತ್ತೆ ಹಬ್ಬಿಸುವುದು ಅವರ ಪದ್ಧತಿ. ಹಾಗೆ ಮಾಡಿದರೆ ಮುದಿ ಬಳ್ಳಿಯೂ ಎಳೆ ಎಲೆ ಬಿಡುತ್ತದೆ. ಅವನ ಎಲೆ ತಟ್ಟೆಗೆ ಬರದೆ ಆ ಊರಲ್ಲಿ ಮದುವೆಯ ಮಾತು ಮುಗಿಯುತ್ತಿರಲಿಲ್ಲ.

ಒಂದು ವರ್ಷ ಕೊನೆಯ ಸಾಲಿನ ಬಳ್ಳಿಗಳು ಬಾಡಿದವು. ರೈತ ಬಾವಿಗೆ ಬಗ್ಗಿ ನೋಡಿದ. ತುಂಬಿತ್ತು. ಹಾಗಾದರೆ ನೀರೆತ್ತಿದ್ದು ಸಾಲದು ಎಂದುಕೊಂಡು, ಹಗ್ಗ ಎಳೆದು ಬಾವಿಯ ನೀರು ಮೇಲೆ ತರುವ ಕಪಿಲೆಯ ಎತ್ತುಗಳನ್ನು ಬಾರಿಸಿ ಬಾರಿಸಿ ನೀರೆತ್ತಿಸಿದ. ನೀರು ನುಗ್ಗಿ ಬಂದು ಕಾಲುವೆಯ ಬದು ಒಡೆಯಿತು. ನಡುವಿನ ಸಾಲು ಕೆಸರಲ್ಲಿ ಮುಳುಗಿತು, ಕೊನೆಯ ಸಾಲಿಗೆ ಹನಿಯೂ ಹೋಗಲಿಲ್ಲ. ರೈತನಿಗೆ ಅಳುವೇ ಬಂತು. “ಬಳ್ಳಿಗೆ ಮುಪ್ಪು ಬಂತು, ಕಿತ್ತು ಬಿಸಾಡುತ್ತೇನೆ” ಎಂದು ಹಾರೆ ಹಿಡಿದ.

ಹೆಂಡತಿ ಅಡ್ಡ ನಿಂತಳು. “ಅಯ್ಯೋ, ಚೆನ್ನಾಯಿತು! ಬಾವಿ ನೋಡಿದಿರಿ, ಬಳ್ಳಿ ನೋಡಿದಿರಿ. ನಡುವೆ ಕಾಲುವೆ ಅಂತ ಒಂದಿದೆಯಲ್ಲ, ಅದನ್ನು ಯಾವತ್ತಾದರೂ ನೋಡಿದಿರಾ?”

ಹೋಗಿ ನೋಡಿದರೆ ಕಾಲುವೆ ಹೂಳು ತುಂಬಿ ಗೇಣಗಲವೂ ಉಳಿದಿರಲಿಲ್ಲ. ಬದುವಿನ ತುಂಬ ಬಿರುಕು. ಗಂಡಹೆಂಡಿರು ಸೇರಿ ಹೂಳು ತೆಗೆದರು, ಬಿರುಕಿಗೆ ಮಣ್ಣು ಮೆತ್ತಿದರು, ಎತ್ತುಗಳನ್ನು ನಿಧಾನವಾಗಿ ನಡೆಸಿದರು. ಪೂರ್ತಿ ಒಣಗಿದ ಬಳ್ಳಿಗಳು ಬದುಕಲಿಲ್ಲ. ಬಾಡಿದ್ದವು ಚಿಗುರಿದವು. ಆ ವರ್ಷವೂ ಊರಿನವರ ಬಾಯಿ ಕೆಂಪಾಯಿತು.

“ಕತೆ ಸರಿ ಗುರುಗಳೇ. ತಲೆಯಲ್ಲಿ ಕಾಲುವೆ ಎಲ್ಲಿದೆ?” ಎಂದ ಮರುಳಯ್ಯ.

“ನೆತ್ತರು ಹರಿಯುವ ನಾಳಗಳು ಮತ್ತೇನಯ್ಯಾ? ವಯಸ್ಸಾದಂತೆ ಅವು ಗಡುಸಾಗುತ್ತವೆ, ಕಿರಿದಾಗುತ್ತವೆ. ಒತ್ತಡ ಏರಿದರೆ ಒಡೆಯಲೂಬಹುದು. ನೆತ್ತರು ಸರಿಯಾಗಿ ತಲುಪದ ಕಡೆ ನೆನಪು ಬಾಡುತ್ತದೆ, ಹೆಜ್ಜೆ ತಡವರಿಸುತ್ತದೆ. ಒಣಗಿದ್ದು ಹೋಯಿತು, ಬಾಡಿದ್ದನ್ನಾದರೂ ಉಳಿಸಿಕೊಳ್ಳಬಹುದು. ನಾಳೆಯ ಗಾಡಿ ವೈದ್ಯರ ಬಾಗಿಲಿಗೆ ಹೋಗಲಿ.”

ಮರುಳಯ್ಯನ ಎದೆ ಹಗುರಾಯಿತು. ಆದರೂ ಕೇಳಿದ: “ಕಾಲುವೆಯಲ್ಲಿ ಹೂಳು ತುಂಬುತ್ತಿದೆ ಎಂದು ನಮಗೆ ಮೊದಲೇ ಹೇಳುವವರು ಯಾರು?”

“ತಲೆ ಸುತ್ತುತ್ತದೆ ಅಂತ ಅವನು ಹೇಳಿದನಲ್ಲಪ್ಪಾ, ನೀನು ಸಾರಿನ ಉಪ್ಪು ನೋಡುತ್ತಿದ್ದೆ.”