ಹಿತ್ತಾಳೆಯ ಮುಚ್ಚಳ

ಹೊಳೆದಂಡೆಯ ಆ ಮಠದಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು.

ಗುರು ಮರುಳಯ್ಯನವರು ಪ್ರಾಯದಿಂದಲೂ ಅದರ ಮೇಲೇ ಊರೂರು ತಿರುಗಿದವರು. ಮಠದವರೆಗೆ ಬರಲಾಗದವರ ಬಾಗಿಲಿಗೆ ತಾವೇ ಹೋಗುವರು. ಜಗಲಿಯ ಮೇಲೆ ಕೂರುವರು. ಕೊಟ್ಟಿದ್ದನ್ನು ಉಂಡು, ಕೇಳಿದ್ದಕ್ಕೆ ಉತ್ತರ ಹೇಳಿ ಎದ್ದು ಬರುವರು.

ಈಗ ಮಂಡಿ ಹಿಡಿದುಕೊಂಡಿತ್ತು. ಕಿಕ್ ಹೊಡೆಯಲು ಕಾಲು ಏಳುತ್ತಿರಲಿಲ್ಲ. ಗಾಡಿ ಓಡಿಸುವ ಕೆಲಸ ಶಿಷ್ಯೆ ನೀಲಾಂಬಿಕೆಯದಾಯಿತು. ಅವಳು ಮುಂದೆ, ಅವರು ಹಿಂದೆ.

ಮಠದ ಸಮಿತಿಗೆ ಇದು ಹಿಡಿಸಲಿಲ್ಲ.

"ಸ್ವಾಮಿಗಳು ಹೆಣ್ಣುಮಗಳ ಹಿಂದೆ ಕೂತು ಹೋಗೋದು ಚೆನ್ನಾಗಿ ಕಾಣಲ್ಲ ಬುದ್ಧಿ," ಎಂದರು ಸಮಿತಿಯ ಅಧ್ಯಕ್ಷ ಗುರುಮಲ್ಲಪ್ಪ.

"ನನಗೆ ಚೆನ್ನಾಗೇ ಕಾಣುತ್ತೆ ಗುರುಮಲ್ಲಪ್ಪ," ಎಂದರು ಮರುಳಯ್ಯನವರು. "ಗದ್ದೆ, ಕೆರೆ, ಕೊಕ್ಕರೆ ಎಲ್ಲಾ. ಪಾಪ, ಗುಂಡಿ ನೋಡ್ಕೊಂಡು ಹೋಗೋಳು ಅವಳು."

ನೀಲಾಂಬಿಕೆ ಮನೆಯಲ್ಲಿ ಜಗಳವಾಡಿ ಮಠಕ್ಕೆ ಬಂದವಳು. ಬಂದ ಮೇಲೂ ಜಗಳ ಬಿಟ್ಟಿರಲಿಲ್ಲ. ಒಂದು ಕೆಲಸ ಆಗುವುದಿಲ್ಲ ಎಂದು ಯಾರಾದರೂ ಅಂದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅದಕ್ಕೇ ಕೈ ಹಾಕುವಳು.

ಅಂಥವಳ ಕೈಯಲ್ಲಿ ಗಾಡಿ ಕೆಟ್ಟಿತು.

ಕೆಟ್ಟಿತು ಎನ್ನುವಂತೆಯೂ ಇರಲಿಲ್ಲ. ಬೆಳಿಗ್ಗೆ ಒಂದೇ ಒದೆತಕ್ಕೆ ಎದ್ದು ನಿಲ್ಲುವುದು. ಒಂದಷ್ಟು ದೂರ ಗುಡುಗಿಕೊಂಡು ಹೋಗುವುದು. ಆಮೇಲೆ ಕೆಮ್ಮಿ, ಮುಗ್ಗರಿಸಿ, ನಡುರಸ್ತೆಯಲ್ಲಿ ಸುಮ್ಮನಾಗುವುದು. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು.

"ವಯಸ್ಸಾಯ್ತು," ಎಂದರು ಗುರುಮಲ್ಲಪ್ಪ. "ಬಣ್ಣ ಹೊಡೆಸಿ ಗಾಜಿನ ಕೋಣೇಲಿ ಇಡೋಣ. ಬುದ್ಧಿಯವರು ಇಲ್ಲೇ ಕೂರಲಿ. ಜನ ಇಲ್ಲಿಗೇ ಬರ್ತಾರೆ."

"ಯಾವುದಕ್ಕೆ ವಯಸ್ಸಾಗಿದ್ದು, ಗಾಡಿಗೋ ಬುದ್ಧಿಯವರಿಗೋ?" ಎಂದಳು ನೀಲಾಂಬಿಕೆ.

ಗುರುಮಲ್ಲಪ್ಪ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು.

ಹಾಗಿರುವಾಗ ಗುಡ್ಡದ ಮೇಲಿನ ಕರೇಕಲ್ಲಿನಿಂದ ಇಬ್ಬರು ನಡೆದುಕೊಂಡು ಬಂದರು. ಹುಡುಗಿ ಸುಗುಣ, ಮೇಲಿನ ಕೇರಿಯವಳು. ಹುಡುಗ ಮುದ್ದುರಾಜ, ಕೆಳಗಿನ ಕೇರಿಯವನು. ಇಬ್ಬರ ಕಾಲಲ್ಲೂ ಮಂಡಿಯವರೆಗೆ ಧೂಳು.

"ಮದುವೆ ಆಗಬೇಕು ಅಂತಿದೀವಿ ಬುದ್ಧಿ," ಎಂದಳು ಸುಗುಣ. "ಎರಡೂ ಕೇರಿಯೋರು ಬಾಗಿಲು ಹಾಕ್ಕೊಂಡಿದಾರೆ. ನಿಂತು ನಡೆಸಿಕೊಡೋರು ಯಾರೂ ಇಲ್ಲ."

"ಇಲ್ಲೇ ಮಾಡಿಬಿಡಲೇ?" ಕೇಳಿದರು ಗುರುಗಳು.

ಹುಡುಗಿ ತಲೆಯಾಡಿಸಿದಳು. "ಬೇಡ ಬುದ್ಧಿ. ಕದ್ದು ಆದಂಗಾಗುತ್ತೆ. ನಮ್ಮೂರಲ್ಲೇ ಆಗಬೇಕು."

ನೀಲಾಂಬಿಕೆಗೆ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನಿಸಿತು.

"ಸೋಮವಾರ ಬರ್ತೀನಿ," ಎಂದರು ಮರುಳಯ್ಯನವರು.

ಸಂಜೆಯೊಳಗೆ ಸುದ್ದಿ ಸಮಿತಿಗೆ ಮುಟ್ಟಿತು. ಗುರುಮಲ್ಲಪ್ಪ ಬಂದು ಕೈಮುಗಿದು ನಿಂತರು.

"ಮೇಲಿನ ಕೇರಿಯೋರು ದಾಸೋಹಕ್ಕೆ ಅಕ್ಕಿ ಕಳಿಸೋರು ಬುದ್ಧಿ. ಅವರನ್ನ ಎದುರು ಹಾಕ್ಕೊಂಡರೆ ನಾಳೆ ಒಲೆ ಉರಿಯಲ್ಲ. ಮಠದ ಕಾರು ಕೊಡಕ್ಕಾಗಲ್ಲ."

"ಕಾರು ಯಾರು ಕೇಳಿದ್ರು?" ಎಂದಳು ನೀಲಾಂಬಿಕೆ. "ನಮ್ಮ ಗಾಡಿ ಇದೆ."

ಗುರುಮಲ್ಲಪ್ಪ ಮೊದಲ ಸಲ ನಕ್ಕರು. "ಇದೆ, ಇದೆ. ಅದು ಗುಡ್ಡ ಹತ್ತಿದರೆ ಹೋಗಿ ಬನ್ನಿ. ನಾನಂತೂ ತಡೆಯಲ್ಲ."

ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅವಳು ಪ್ಲಗ್ಗು ಬಿಚ್ಚಿ ಉಜ್ಜಿದಳು. ಗಾಡಿ ಹೊರಟಿತು. "ಪ್ಲಗ್ಗೇ ಅಯ್ಯ!" ಎಂದು ಗುರುಗಳಿಗೆ ಕೂಗಿ ಹೋದವಳು, ಮಧ್ಯಾಹ್ನದ ಬಿಸಿಲಲ್ಲಿ ತಳ್ಳಿಕೊಂಡು ಬಂದಳು.

ಕಾರ್ಬುರೇಟರ್ ಬಿಚ್ಚಿ ಒಂದೊಂದೇ ಭಾಗ ತೊಳೆದಳು. ಸಣ್ಣ ತೂತುಗಳನ್ನೆಲ್ಲ ಊದಿದಳು. ಗಾಡಿ ಹೊರಟಿತು. "ಕಾರ್ಬುರೇಟರ್ ಅಯ್ಯ, ಅದರಲ್ಲೇ ಕಸ ಇತ್ತು." ಮತ್ತೆ ತಳ್ಳಿಕೊಂಡು ಬಂದಳು.

ಪೆಟ್ರೋಲ್ ಪೈಪು ಹೊಸದು ಹಾಕಿದಳು. ಟ್ಯಾಂಕಿನ ಕೆಳಗಿನ ನಲ್ಲಿ ಬಿಚ್ಚಿ ಜಾಲರಿ ತೊಳೆದಳು. ಗಾಡಿ ಹೊರಟಿತು. ಈ ಸಲ ಅವಳು ಏನೂ ಕೂಗಲಿಲ್ಲ. ತಳ್ಳಿಕೊಂಡು ಬಂದು ಬೇವಿನ ಮರಕ್ಕೆ ಒರಗಿಸಿ, ಸ್ಪ್ಯಾನರನ್ನು ನೆಲಕ್ಕೆ ಎಸೆದಳು.

ಮರುಳಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ನಿಂತಾಗ ಏನಾಗುತ್ತೆ?" ಕೇಳಿದರು.

"ನಿಲ್ಲುತ್ತೆ!"

"ಅದು ಸರಿ. ನಿಂತಾಗ ಏನಾಗುತ್ತೆ?"

"ನಾನು ತಕ್ಷಣ ಬಿಚ್ಚೋಕೆ ಶುರು ಮಾಡ್ತೀನಿ."

"ನೀನು ಏನು ಮಾಡ್ತೀಯ ಅಂತ ಕೇಳಲಿಲ್ಲ ಮಗಳೇ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಎರಡು ದಿನದಿಂದ ಕೈ ಕಪ್ಪಾಗಿದೆ ನನ್ನದು. ನೀವು ಅವರೆಕಾಯಿ ಬಿಡಿಸ್ತಾ ಒಗಟು ಹೇಳ್ತೀರಿ."

"ನಾಳೆ ಮತ್ತೆ ಹೋಗು," ಎಂದರು ಗುರುಗಳು. "ಸ್ಪ್ಯಾನರ್ ಚೀಲ ಇಲ್ಲೇ ಇಟ್ಟು ಹೋಗು."

"ನಿಂತರೆ?"

"ನಿಂತರೆ ನೀನೂ ನಿಲ್ಲು."

ಅವಳು ಹಟದಿಂದಲೇ ಹೋದಳು. ಇದು ಪ್ರಯೋಜನವಿಲ್ಲ ಎಂದು ತೋರಿಸಿಕೊಡಬೇಕೆಂದೇ ಹೋದಳು. ಮಾವಿನ ತೋಪು ದಾಟಿ ಸೇತುವೆಯ ಹತ್ತಿರ ಗಾಡಿ ಕೆಮ್ಮಿತು, ಮುಗ್ಗರಿಸಿತು, ನಿಂತಿತು.

ಕೈ ತಾನಾಗಿ ಚೀಲಕ್ಕೆ ಹೋಯಿತು. ಚೀಲವಿಲ್ಲ.

ಅವಳು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಳು. ಗಾಡಿಯನ್ನು ದುರುಗುಟ್ಟಿ ನೋಡಿದಳು. ಎಮ್ಮೆಗಳ ಹಿಂಡೊಂದು ಹಾದುಹೋಯಿತು. ಸಿಟ್ಟು ಎಷ್ಟು ಹೊತ್ತು ತಾನೇ ಕೂತೀತು? ಅದು ಇಳಿದ ಮೇಲೆ ಅವಳು ನಿಜವಾಗಿ ನೋಡತೊಡಗಿದಳು.

ಬೆರಳಿನಿಂದಲೇ ಪೆಟ್ರೋಲ್ ಪೈಪನ್ನು ಕಾರ್ಬುರೇಟರಿನಿಂದ ಎಳೆದಳು. ಹನಿ ಬಿತ್ತು. ಇನ್ನೊಂದು ಹನಿ ಬಿತ್ತು. ನಿಂತಿತು.

ಗಾಡಿಯನ್ನು ಅಲುಗಾಡಿಸಿದಳು. ಟ್ಯಾಂಕಿನೊಳಗೆ ಪೆಟ್ರೋಲು ದಂಡಿಯಾಗಿ ತುಳುಕಿತು.

ಮೇಲೆ ತುಂಬಿದೆ. ಕೆಳಗೆ ದಾರಿ ತೆರೆದಿದೆ. ಇಳಿಯುತ್ತಿಲ್ಲ.

ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಸುಸ್ಸೆಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದಾಯಿತು. ಅದೇ ಗಳಿಗೆಗೆ ಪೈಪಿನಿಂದ ಪೆಟ್ರೋಲು ಚಿಮ್ಮಿ ಅವಳ ಪಾದ ತೋಯಿಸಿತು.

ಮುಚ್ಚಳ ಬಿಗಿದಳು. ಧಾರೆ ಸಣ್ಣಗಾಯಿತು, ಹನಿಯಾಯಿತು, ನಿಂತಿತು. ತೆಗೆದಳು. ಹರಿಯಿತು.

ನಡುರಸ್ತೆಯಲ್ಲಿ ನಿಂತು ನೀಲಾಂಬಿಕೆ ಗಟ್ಟಿಯಾಗಿ ನಕ್ಕಳು. ಇಷ್ಟು ದಿನ ಅವಳು ಏನು ಬಿಚ್ಚಿದರೂ ಗಾಡಿ ಹೊರಡುತ್ತಿದ್ದುದು ಅವಳ ಕೈಗುಣದಿಂದಲ್ಲ. ಅವಳು ಬಿಚ್ಚುವಷ್ಟರಲ್ಲಿ ಎಲ್ಲಿಂದಲೋ ಒಂದಿಷ್ಟು ಗಾಳಿ ಒಳಗೆ ಸೋರಿ, ಒಂದಿಷ್ಟು ಪೆಟ್ರೋಲು ಕೆಳಗೆ ಇಳಿಯುತ್ತಿತ್ತು, ಅಷ್ಟೆ.

ಮಠಕ್ಕೆ ಬಂದವಳೇ ಮೆಟ್ಟಿಲಿಳಿದು ಓಡಿದಳು.

"ಮುಚ್ಚಳ ಅಯ್ಯ! ಗಾಳಿಯಾಡೋಕೆ ಅದರಲ್ಲಿ ತೂತೇ ಇಲ್ಲ! ನಿಮಗೆ ಮೊದಲೇ ಗೊತ್ತಿತ್ತು ತಾನೇ?"

"ಇಲ್ಲಮ್ಮ," ಎಂದರು ಗುರುಗಳು. "ಗೊತ್ತಿದ್ದಿದ್ದರೆ ನಿನ್ನ ಬಿಸಿಲಲ್ಲಿ ಯಾಕೆ ತಳ್ಳಿಸ್ತಿದ್ದೆ?"

ಅವಳು ಮುಚ್ಚಳವನ್ನು ಅವರ ಅಂಗೈಯಲ್ಲಿಟ್ಟಳು. ಇಟ್ಟ ಮೇಲೆ ಅವಳ ನಗು ನಿಂತುಹೋಯಿತು.

ಅದು ಹಿತ್ತಾಳೆಯ ಮುಚ್ಚಳ. ಕಳೆದ ಆರಾಧನೆಗೆ ಗುರುಮಲ್ಲಪ್ಪನವರೇ ಹೇಳಿ ಮಾಡಿಸಿ ಹಾಕಿಸಿದ್ದು. ಹಳೆಯದನ್ನು ಗುಜರಿಗೆ ಹಾಕಿಬಿಟ್ಟಿದ್ದರು. ಈ ಹೊಸದರ ನಡುವೆ ಹಿರಿಯಯ್ಯನವರ ಮುಖ ಕೆತ್ತಿತ್ತು. ಹಿರಿಯಯ್ಯನವರೆಂದರೆ ಮಠ ಕಟ್ಟಿದವರು, ಮರುಳಯ್ಯನವರ ಗುರುಗಳು. ದಿನಾ ಬೆಳಿಗ್ಗೆ ಕಿಕ್ ಹೊಡೆಯುವ ಮೊದಲು ನೀಲಾಂಬಿಕೆ ಆ ಮುಖವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಅಂಚಿನ ಸುತ್ತ ದಪ್ಪ ಬಳೆ, ಅದರ ಕೆಳಗೆ ರಬ್ಬರು. ತೂತು ಕೊರೆಯುವುದಿದ್ದರೆ ನಡುವೆಯೇ ಕೊರೆಯಬೇಕು.

"ಕೊರೆ," ಎಂದರು ಗುರುಗಳು.

"ಬೇಡ ಅಯ್ಯ. ಮುಚ್ಚಳ ತೆಗೆದು ಬಟ್ಟೆ ಕಟ್ಟೋಣ."

"ಏರು ದಾರಿ. ಕಾದ ಎಂಜಿನ್ನು. ತುಳುಕಿದರೆ? ಮದುವೆಗೆ ಹೊರಟಿರೋದು ನಾವು, ಹೋಮಕ್ಕಲ್ಲ."

"ಬೇರೆ ಮುಚ್ಚಳ ಹುಡುಕೋಣ."

"ಹುಡುಕು. ನಾಳೆ ಸೋಮವಾರ."

ಅವಳು ತೂತು ಕೊರೆಯುವ ಬೈರಿಗೆ ತಂದಳು. ಮುಚ್ಚಳವನ್ನು ಕಲ್ಲಿನ ಮೇಲಿಟ್ಟಳು. ಬೈರಿಗೆಯ ಮೊನೆ ಆ ಮುಖದ ಮೇಲೆ ಊರಲಿಲ್ಲ. ಸಮಿತಿಗೆ ಹೆದರದವಳು, ಅಪ್ಪನಿಗೆ ಹೆದರದವಳು, ಅಷ್ಟು ಚಿಕ್ಕ ಹಿತ್ತಾಳೆಯ ಮುಂದೆ ಬೈರಿಗೆ ಕೆಳಗಿಟ್ಟು ಕೂತಳು.

"ನನ್ನ ಕೈಲಾಗಲ್ಲ. ಇದು ಹಿರಿಯಯ್ಯ."

"ಇದು ಹಿತ್ತಾಳೆ."

"ನಿಮ್ಮ ಗುರುಗಳು ಅಯ್ಯ!"

"ಅದಕ್ಕೇ ಇಲ್ಲಿ ಕೊಡು."

ಮರುಳಯ್ಯನವರು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು. ಮುಚ್ಚಳವನ್ನು ಪಾದಗಳ ನಡುವೆ ಬಿಗಿಯಾಗಿ ಹಿಡಿದರು. ಹುಬ್ಬುಗಳ ನಡುವೆ ಮೊನೆ ಇಟ್ಟು ಬೈರಿಗೆ ತಿರುಗಿಸತೊಡಗಿದರು. ಹಳದಿ ಹುಡಿ ಅವರ ಕಾವಿಯ ಮೇಲೆ ಉದುರಿತು. ತೋಳು ನೋಯುತ್ತಿತ್ತು. ನಡುನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡರು. ಅವರ ತುಟಿ ಅಲುಗುತ್ತಿತ್ತು.

ಕೊನೆಗೆ ಮುಚ್ಚಳವನ್ನು ಬಾಯಿಗಿಟ್ಟು ಊದಿದರು. ಆಚೆ ಬದಿಯಲ್ಲಿ ಹಿಡಿದಿದ್ದ ನೀಲಾಂಬಿಕೆಯ ಅಂಗೈಗೆ ಗಾಳಿ ತಾಕಿತು.

"ಕೊರೆಯುವಾಗ ಏನಂತಿದ್ರಿ?" ಅವಳು ಮೆಲ್ಲಗೆ ಕೇಳಿದಳು.

"ದಾರಿ ಬಿಡಿ ಅಂತಿದ್ದೆ. ಬಿಟ್ಟರು."

ಮರುದಿನ ಬೆಳಿಗ್ಗೆ ಗಾಡಿಯ ಸದ್ದು ಕೇಳಿ ಗುರುಮಲ್ಲಪ್ಪ ಗೇಟಿನ ಬಳಿ ಬಂದರು. ಟ್ಯಾಂಕಿನ ಮೇಲೆ ಕಣ್ಣು ಬಿತ್ತು. ಅವರ ಮುಖ ಬಿಳಿಚಿಕೊಂಡಿತು.

"ಹಿರಿಯಯ್ಯನವರ ಹಣೆಗೆ ತೂತು! ಯಾರ ಕೆಲಸ ಇದು? ಇವಳದೇ ತಾನೇ?"

"ನನ್ನದು," ಎಂದರು ಮರುಳಯ್ಯನವರು.

ಗುರುಮಲ್ಲಪ್ಪನವರ ಕಣ್ಣಲ್ಲಿ ನಿಜಕ್ಕೂ ನೀರಿತ್ತು. "ಹರಕೆ ಹೊತ್ತು ಮಾಡಿಸಿದ್ದು ಬುದ್ಧಿ. ಮಗ ಹುಷಾರಾದ ಅಂತ."

"ಬಲು ಚೆಂದ ಮಾಡಿಸಿದ್ದೀಯ. ಉಸಿರಾಡೋಕೆ ಜಾಗ ಬಿಟ್ಟಿರಲಿಲ್ಲ, ಅದೊಂದೇ. ಈಗ ಆಡ್ತಾ ಇದಾರೆ. ದಾರಿ ಬಿಡು."

"ತಡೆಯಲ್ಲ ಅಂದಿದ್ದೆ, ತಡೆಯಲ್ಲ. ಆದರೆ ಈ ಗೇಟು ದಾಟಿದ ಮೇಲೆ ವಾಪಸ್ ಬರೋ ಮಾತು ಬೇರೆ."

ಜಗಳಕ್ಕೆ ನೀಲಾಂಬಿಕೆಯ ನಾಲಿಗೆಯ ತುದಿಯಲ್ಲಿ ಎಷ್ಟೋ ಮಾತಿತ್ತು. ಒಂದನ್ನೂ ಆಡಲಿಲ್ಲ. ಗೇರು ಹಾಕಿದಳು.

ಮಾವಿನ ತೋಪು ಬಂತು. ಸೇತುವೆ ಬಂತು. ಗಾಡಿ ಕೆಮ್ಮಲಿಲ್ಲ. ಗುಡ್ಡದ ಏರು ಬಂತು, ತಿರುವಿನ ಮೇಲೆ ತಿರುವು ಬಂತು. ಗಾಡಿ ಗುಡುಗುತ್ತಲೇ ಹತ್ತಿತು. ಹಿಂದೆ ಕೂತ ಗುರುಗಳು ಒಂದು ಕಡೆ ಅವಳ ಬೆನ್ನು ತಟ್ಟಿ ಕೊಕ್ಕರೆ ತೋರಿಸಿದರು. ಅವಳು ಅದನ್ನೂ ನೋಡಿದಳು.

ಕರೇಕಲ್ಲಿನಲ್ಲಿ ಎರಡು ಕೇರಿಯ ಬಾಗಿಲುಗಳೂ ಮುಚ್ಚಿದ್ದವು. ಶಾಲೆಯ ಮುಂದಿನ ಹುಣಸೆ ಮರದ ಕೆಳಗೆ ಸುಗುಣ ಮತ್ತು ಮುದ್ದುರಾಜ ಇಬ್ಬರೇ ನಿಂತಿದ್ದರು. ಹಾರಗಳನ್ನು ಅವರೇ ಕಟ್ಟಿಕೊಂಡಿದ್ದರು.

"ಯಾರೂ ಬರಲಿಲ್ಲ ಬುದ್ಧಿ," ಎಂದ ಹುಡುಗ.

"ನಾವು ಯಾರೂ ಅಲ್ವೇನಪ್ಪ?" ಎಂದರು ಗುರುಗಳು.

ಇಬ್ಬರ ಕೈಯನ್ನೂ ಸೇರಿಸಿ ಹಿಡಿದಾಗ, ಮೇಲಿನ ಕೇರಿಯ ಕಡೆಯಿಂದ ಒಬ್ಬ ಮುದುಕಿ ಬೇಲಿಗೆ ಸಿಕ್ಕಿದ ಸೀರೆ ಬಿಡಿಸಿಕೊಳ್ಳುತ್ತ ಓಡೋಡಿ ಬಂದಳು. ಸುಗುಣಳ ಅಜ್ಜಿ. ಮಡಿಲ ತುಂಬ ಅಕ್ಷತೆ.

"ಮಗ ಮುಂಬಾಗಿಲಿಗೆ ಅಗುಳಿ ಹಾಕಿ ಕೂತವ್ನೆ ಬುದ್ಧಿ," ಎಂದಳು ಏದುಸಿರು ಬಿಡುತ್ತ. "ಹಿತ್ತಲಲ್ಲಿ ಬಾಗಿಲಿರೋದು ಅವನಿಗೆ ನೆನಪಿಲ್ಲ."

ಅವಳು ಅಕ್ಷತೆ ಎರಚಿದಳು. ಸುಗುಣ ಅಲ್ಲಿಯವರೆಗೆ ತಡೆದಿದ್ದ ಅಳುವನ್ನು ಬಿಟ್ಟುಬಿಟ್ಟಳು. ನೀಲಾಂಬಿಕೆ ಮುಖ ತಿರುಗಿಸಿ ಗಾಡಿಯ ಕನ್ನಡಿ ಒರೆಸಿದಳು.

ಗುರು, ಶಿಷ್ಯೆ ಇಬ್ಬರೂ ಮಠಕ್ಕೆ ಮರಳಿದಾಗ ಹೊಳೆಯ ಮೇಲೆ ಇನ್ನೂ ಬಿಸಿಲಿತ್ತು. ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಸಮಿತಿಯವರು ಸಾಲಾಗಿ ನಿಂತಿದ್ದರು, ಮುಂದೆ ಗುರುಮಲ್ಲಪ್ಪ.

ನೀಲಾಂಬಿಕೆ ಎಂಜಿನ್ ಆರಿಸಿದಳು.

"ತಪ್ಪಾಯ್ತು ಅಂತ ಒಂದು ಮಾತು ಹೇಳಿ ಒಳಗೆ ಬನ್ನಿ ಬುದ್ಧಿ," ಎಂದರು ಗುರುಮಲ್ಲಪ್ಪ. "ಇಲ್ಲಾಂದರೆ ನೀವು ಪೀಠ ಬಿಟ್ಟಹಾಗೆ ಅಂತ ಸಭೇಲಿ ತೀರ್ಮಾನ ಆಗಿದೆ."

ನೀಲಾಂಬಿಕೆ ಇಳಿಯಲು ಕಾಲೆತ್ತಿದಳು. ಹಿಂದಿನಿಂದ ಒಂದು ಕೈ ಅವಳ ಭುಜವನ್ನು ಹಿಡಿಯಿತು.

ಗುರುಗಳು ಕಾವಿಯ ಧೂಳು ಕೊಡವಿಕೊಂಡರು.

ಗುರುಮಲ್ಲಪ್ಪನವರ ಧ್ವನಿ ಮೆತ್ತಗಾಯಿತು. "ಈ ವಯಸ್ಸಲ್ಲಿ ಪೀಠ ಬಿಟ್ಟು ಎಲ್ಲಿಗೆ ಹೋಗ್ತೀರಿ ಬುದ್ಧಿ?"

ಮರುಳಯ್ಯನವರು ಹಿಂದಿನ ಸೀಟಿನ ಮೇಲೆ ಸರಿಯಾಗಿ ಜರುಗಿ ಕೂತರು.

"ಎಲ್ಲಿ ಬಿಟ್ಟಿದ್ದೀನಿ ಗುರುಮಲ್ಲಪ್ಪ? ಅದರ ಮೇಲೇ ಕೂತಿದ್ದೀನಿ. ನೀಲಾ, ಕಿಕ್ ಹೊಡಿ."