ಬಡಗಿಯ ಒಪ್ಪತ್ತು

“ಗುರುಗಳೇ, ನಾನು ಇನ್ನೇನು ಬಿಡಬೇಕು?” ಎಂದು ಶಂಭಯ್ಯ ಕೇಳಿದ. ಹಾಡು ಕಲಿಯಬೇಕು, ಹಾಡುತ್ತಲೇ ದೇವರನ್ನು ಕಾಣಬೇಕು ಎಂದು ಗುರುಗಳ ಬಳಿ ಬಂದು ಸೇರಿದವನು ಅವನು. “ಮನೆ ಬಿಟ್ಟೆ, ಹೊಲ ಬಿಟ್ಟೆ. ಒಂದು ಕಂಬಳಿ, ಒಂದು ತಂಬೂರಿ, ಅಷ್ಟೇ ಉಳಿದಿರುವುದು. ಆದರೂ ಹಾಡಲು ಕೂತರೆ ಮನಸ್ಸು ನಿಲ್ಲುವುದಿಲ್ಲ. ಜಪಕ್ಕೆ ಕೂತರೂ ಅದೇ ಪಾಡು.”

ಗುರುಗಳು ನಕ್ಕರು. “ಕೂತುಕೋ. ನಿನ್ನಂಥವನೇ ಒಬ್ಬನಿದ್ದ” ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಡಗಿ. ನೇಗಿಲು, ತೊಟ್ಟಿಲು, ಬಾಗಿಲು ಮಾಡಿಕೊಟ್ಟು, ಊರವರು ಅಳೆದು ಹಾಕಿದ ಕಾಳಿನಲ್ಲಿ ಗಂಡ ಹೆಂಡತಿ ಬದುಕುತ್ತಿದ್ದರು. ಅವನ ಕೈ ಒಳ್ಳೆಯದು, ಭಕ್ತಿಯೂ ದೊಡ್ಡದು. ಊರಮ್ಮನ ಹಳೆಯ ಮರದ ವಿಗ್ರಹಕ್ಕೆ ಹುಳು ಹಿಡಿದಾಗ ಹೊಸದನ್ನು ಕೆತ್ತುವ ಕೆಲಸ ಅವನ ಪಾಲಿಗೆ ಬಂತು. ಜನ್ಮಕ್ಕೊಮ್ಮೆ ಸಿಗುವ ಭಾಗ್ಯ. ಅವನು ಸಂತೋಷಕ್ಕೆ ಅತ್ತೇಬಿಟ್ಟ.

ಇಂಥ ಕೆಲಸಕ್ಕೆ ಬದುಕು ಹಗುರವಾಗಬೇಕು ಎಂದುಕೊಂಡ. ನೇಗಿಲು, ತೊಟ್ಟಿಲು ಇನ್ನು ಮುಟ್ಟುವುದಿಲ್ಲ ಎಂದ. ಮರದ ದಿಮ್ಮಿಯೊಂದಿಗೆ ಊರಾಚೆಯ ಗುಡಿಸಲು ಸೇರಿದ. ಚಾಪೆ, ಮಡಕೆ, ಉಳಿ, ಸುತ್ತಿಗೆ ಇಷ್ಟನ್ನೇ ಇಟ್ಟುಕೊಂಡ. ಕೆಲಸ ಮುಗಿಯುವವರೆಗೆ ಯಾರ ಮುಖವನ್ನೂ ನೋಡುವುದಿಲ್ಲವೆಂದು ನೇಮ ಹಿಡಿದ. ಊಟ ಒಪ್ಪತ್ತು. ಅಮ್ಮನನ್ನು ಕೆತ್ತುವವನು ಉಣ್ಣುವ ಅಕ್ಕಿ ಅಂದೇ ಕುಟ್ಟಿದ್ದಾಗಬೇಕು, ಕುಟ್ಟುವವರು ಮಡಿಯಲ್ಲಿರಬೇಕು, ನೀರನ್ನು ಹೊಳೆಯಿಂದ ಅಂದೇ ತಂದಿರಬೇಕು. ಅವನ ಹೆಂಡತಿ ಆಗಲಿ ಎಂದಳು. ದಿನವೂ ಮಧ್ಯಾಹ್ನ ಗುಡಿಸಲ ಬಾಗಿಲಲ್ಲಿ ಅನ್ನವಿಟ್ಟು, ಮಾತಾಡದೆ ಹೋಗುತ್ತಿದ್ದಳು. ಬದುಕು ಇಷ್ಟು ಸುಲಭವಾಗಿರುವಾಗ ಇಷ್ಟು ವರ್ಷ ಯಾಕೆ ಒದ್ದಾಡಿದೆನೋ ಎಂದು ಬಡಗಿಗೆ ಆಶ್ಚರ್ಯವಾಗುತ್ತಿತ್ತು.

ವಿಗ್ರಹಕ್ಕೆ ಕೈ ಮೂಡಿತು, ಕಾಲು ಮೂಡಿತು. ಮುಖ ಮಾತ್ರ ಒಲಿಯಲಿಲ್ಲ. ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ, ಒರೆಸುತ್ತಿದ್ದ. ಎಷ್ಟು ಬರೆದರೂ ಅಮ್ಮ ಮುಖ ಬಿಗಿದುಕೊಂಡೇ ಇರುತ್ತಿದ್ದಳು. ಉಳಿ ತಪ್ಪಿದರೆ ಮರವೇ ಹಾಳು. ಇನ್ನೂ ಏನನ್ನೋ ಬಿಡಬೇಕು ಎಂದುಕೊಂಡು ಚಾಪೆಯನ್ನೂ ಬಿಟ್ಟ. ಪಾಪ, ಬೆನ್ನು ನೋವು ಬಂತೇ ಹೊರತು ಮುಖ ಬರಲಿಲ್ಲ.

ಒಂದು ದಿನ ಅನ್ನ ಬರಲಿಲ್ಲ. ಹೊತ್ತು ಇಳಿಯಿತು. ಹಸಿವು ತಲೆಗೇರಿ, ನೇಮವನ್ನೂ ಮರೆತು, ಬಡಗಿ ದುಡುದುಡು ಮನೆಗೆ ನಡೆದ.

ಹೆಂಡತಿ ಒರಳಿನ ಪಕ್ಕದಲ್ಲಿ ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ಮಡಿಯ ಒದ್ದೆ ಸೀರೆ ಮೈಮೇಲೆಯೇ ಒಣಗಿತ್ತು. ಒನಕೆ ಇನ್ನೂ ಕೈಯಲ್ಲಿತ್ತು, ಅಂಗೈ ತುಂಬ ಬೊಬ್ಬೆ. ಪಡಸಾಲೆಯಲ್ಲಿ ಪರರ ಮನೆಗಳ ಭತ್ತದ ಬುಟ್ಟಿಗಳಿದ್ದವು. ಅವನು ನೇಗಿಲು ಬಿಟ್ಟ ಮೇಲೆ ಮನೆಗೆ ಕಾಳು ಬರುವುದು ನಿಂತಿತ್ತು. ಊರವರ ಭತ್ತ ಕುಟ್ಟಿ, ಆಮೇಲೆ ಮಿಂದು ಅವನದನ್ನು ಕುಟ್ಟಿ ಅವಳು ದಿನ ನೂಕುತ್ತಿದ್ದಳು. ಬೈಯಲು ಬಂದವನು ಅದನ್ನು ಮರೆತು ಅವಳ ಪಕ್ಕ ಕೂತ. ಮೆಲ್ಲನೆ ಒನಕೆ ಬಿಡಿಸಿಕೊಂಡು ಉಳಿದ ಭತ್ತವನ್ನು ತಾನೇ ಕುಟ್ಟತೊಡಗಿದ.

ಸದ್ದಿಗೆ ಅವಳು ಬೆಚ್ಚಿ ಎದ್ದಳು. “ಅಯ್ಯೋ, ನನ್ನ ಮುಖ ನೋಡಿಬಿಟ್ರಲ್ಲ! ನಿಮ್ಮ ನೇಮ ಕೆಟ್ಟುಹೋಯ್ತಲ್ಲ!”

“ಕೆಡಲಿ ಬಿಡು. ನೀನು ಒಂದಿಷ್ಟು ಮಲಕ್ಕೋ, ನಾನು ಗಂಜಿ ಕಾಯಿಸ್ತೀನಿ” ಎಂದ ಬಡಗಿ.

ಮರುದಿನ ವಿಗ್ರಹವನ್ನು ಮನೆಯ ಅಂಗಳಕ್ಕೆ ಹೊತ್ತು ತಂದ. ಬೆಳಿಗ್ಗೆ ನೇಗಿಲು ಕೆತ್ತಿದ, ಸಂಜೆ ಅಮ್ಮನನ್ನು ಕೆತ್ತಿದ. ಕೆಲಸ ತಡವಾಯಿತೆಂದು ಊರವರು ಗೊಣಗಿದರು. ಆದರೆ ಮುಖ ಮೂಡಿತು. ನೋಡಿದವರು ಕೈಮುಗಿಯುವುದನ್ನೂ ಮರೆತು ನಿಂತರು.

ಕತೆ ಮುಗಿಯಿತು. ಶಂಭಯ್ಯನಿಗೆ ಅಷ್ಟು ಸಮಾಧಾನವಾಗಲಿಲ್ಲ. “ಹಾಗಾದರೆ ಬಿಡುವುದೇ ತಪ್ಪೇ, ಗುರುಗಳೇ?”

“ತಪ್ಪೇನಿಲ್ಲ ಮಗೂ. ಆದರೆ ನೀನು ಇಳಿಸಿ ಬಂದ ಹೊರೆಯನ್ನು ಮನೆಯಲ್ಲಿ ಈಗ ಯಾರು ಹೊತ್ತಿದ್ದಾರೆ?”