ಅಖಾಡದಿಂದ ಓಡಿದ ಮಂಚ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೆ ಅವರಜ್ಜಿ ಹೇಳಿದ ಕಾಲ ಕಣವ್ವ, ಹೊಳೆದಂಡೆಯ ಒಂದೂರಲ್ಲಿ ಒಬ್ಬ ಗರಡಿ ಯಜಮಾನ ಇದ್ದನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಜವರ, ನಡುವಿನೋನು ಮಂಚ, ಚಿಕ್ಕೋನು ಸಿದ್ದ. ಮೂವರಲ್ಲೂ ಮಂಚನೇ ಕಟ್ಟುಮಸ್ತು. ಬೀಸೋಕಲ್ಲನ್ನ ಚೆಂಡಿನ ಹಾಗೆ ಎತ್ತಿ ಎಸೀತಿದ್ದ, ಅವನು ಬೀದೀಲಿ ಬಂದ್ರೆ ಎತ್ತುಗಳೂ ದಾರಿ ಬಿಡ್ತಿದ್ವಂತೆ.

ಆಮೇಲೆ ಒಂದ್ಸಲ ಪಾಳೇಗಾರನ ಮುಂದೆ ಕುಸ್ತಿ ಅಂತ ಡಂಗೂರ ಆಯ್ತಂತೆ. ಮಂಚ ಲಂಗೋಟಿ ಬಿಗಿದು ಅಖಾಡಕ್ಕೆ ಇಳಿದ. ತಮಟೆ ಹೊಡೆದ್ರು, ಎದುರಾಳಿ ತೊಡೆ ತಟ್ಟಿದ. ಅಷ್ಟರಲ್ಲಿ ಮಂಚನಿಗೆ ಏನಾಯ್ತೋ, ಎದೆ ಡವಡವ ಹೊಡ್ಕೊಳ್ಳೋಕೆ ಶುರುವಾಯ್ತು, ಬಾಯಿ ಒಣಗ್ತು, ಕೈಕಾಲು ಗಡಗಡ, ಉಸಿರು ಗಂಟಲಲ್ಲೇ ಸಿಕ್ಕೊಂಡು ನಾನಿಲ್ಲೇ ಸತ್ತೆ ಅನಿಸಿಬಿಡ್ತಂತೆ. ಅಷ್ಟೇ, ಜನದ ಮಧ್ಯೆ ನುಗ್ಗಿ ಓಡಿದ. ಓಡಿ ಬಂದು ಮನೆ ಹಿಂದಿನ ಹುಲ್ಲುಮೆದೇಲಿ ಹುದುಗಿಕೊಂಡ.

ಅತ್ತ ಮನೆ ಮಾನ ಹೋಗ್ತದೆ ಅಂತ ಸಿದ್ದ ಅಣ್ಣನ ಬದಲು ಇಳಿದನಂತೆ. ಇನ್ನೂ ಮೀಸೆ ಮೂಡದ ಹುಡುಗ. ಎದುರಾಳಿ ಅವನ ಬಲಗೈ ಮುರಿದುಬಿಟ್ಟ. ಸಂಜೆ ಅವನನ್ನ ಗಾಡೀಲಿ ಹಾಕ್ಕೊಂಡು ಬಂದಾಗ ಅಯ್ಯೋ ಅಣ್ಣಾ ಅಂತ ನರಳೋದು ಹುಲ್ಲೊಳಗಿದ್ದ ಮಂಚನಿಗೆ ಕೇಳಿಸ್ತು. ಕೇಳಿಸ್ತು ಕಣವ್ವ, ಆದ್ರೂ ಹೊರಗೆ ಬರಲಿಲ್ಲ. ಕಿವಿ ಮುಚ್ಕೊಂಡ. ಆಮೇಲೆ ಯಾರಿಗೂ ಮುಖ ತೋರಿಸದೆ ಊರು ಬಿಟ್ಟು, ಸೋದರತ್ತೆ ಹೊಂಬಾಳಮ್ಮನ ಮನೆ ಸೇರ್ಕೊಂಡನಂತೆ.

ಅಲ್ಲಿ ಒಳಕೋಣೇಲಿ ಗೋಡೆಗೆ ಮುಖ ಮಾಡಿ ಮಲಗಿದ. ಉಣ್ಣೋದು ಬೇಡ, ಮೀಯೋದು ಬೇಡ. ಬೀದೀಲಿ ಯಾರಾದ್ರೂ ನಕ್ಕರೆ ತನ್ನನ್ನೇ ನಗ್ತಾರೆ ಅಂದ್ಕೊಳ್ತಿದ್ದ. ಮೊದಲು ಅಪ್ಪ ಬಂದು ತಾಯಿತ ಕಟ್ಟಿ, ಗಂಡಸಾಗಿ ಹೆದರ್ತಾರೇನೋ ಅಂತ ಗದರಿ ಹೋದ. ಮಂಚ ಇನ್ನಷ್ಟು ಮುದುಡಿದ. ಆಮೇಲೆ ಜವರ ಬಂದು ಊರೆಲ್ಲ ಆಡ್ಕೊಂಡು ನಗ್ತಿದೆ, ಎದ್ದು ಬಾ ಅಂದ. ಮಂಚ ಕಂಬಳಿ ತಲೆಮೇಲೆ ಎಳ್ಕೊಂಡ. ಮೂರನೇದಾಗಿ ಅತ್ತೆ ಬಂದಳು. ಬೈಲಿಲ್ಲ, ಬುದ್ಧಿ ಹೇಳ್ಲಿಲ್ಲ. ಮೊಸರು ಕಡೀಬೇಕು, ನನ್ನ ಕೈ ಸೋತಿದೆ, ಹಗ್ಗ ಎಳಿ ಬಾರೋ ಅಂದಳಂತೆ.

ಹಗ್ಗ ಹಿಡಿದ ಕೂಡ್ಲೆ ಮತ್ತೆ ಎದೆ ಹೊಡ್ಕೊಳ್ತು. ಅತ್ತೆ, ಬಂತು, ಸಾಯ್ತೀನಿ ಅಂದ. ಬರಲಿ ಬಿಡು, ಅದನ್ನ ಓಡಿಸ್ಬೇಡ, ನೀನೂ ಓಡ್ಬೇಡ, ಹಗ್ಗ ಕೈಗೆ ಹೇಗಿದೆ ಹೇಳು ಅಂದಳು. ಒರಟಾಗಿದೆ ಅಂದ. ಕಿವಿಗೇನು ಕೇಳಿಸ್ತದೆ? ಗಡಿಗೇಲಿ ಸರಬರ ಅಂತಿದೆ. ಉಸಿರು? ತಣ್ಣಗೆ ಒಳಗೆ ಹೋಗಿ ಬೆಚ್ಚಗೆ ಹೊರಗೆ ಬರ್ತಿದೆ. ಅಷ್ಟು ಹೇಳೋದ್ರಲ್ಲಿ ಮನಸ್ಸು ಚಂಗನೆ ಹಾರಿ ಸಿದ್ದನ ಗಾಡಿ ಹತ್ರ ಹೋಯ್ತು. ಅತ್ತೆ, ಮನಸ್ಸು ಓಡಿಹೋಯ್ತು ಅಂದ. ಹೋಯ್ತಾ? ಹೋಗ್ಲಿ, ಕರು ತಪ್ಪಿಸ್ಕೊಂಡ್ರೆ ಹಿಡ್ಕೊಂಡು ಬರೋಲ್ವಾ, ಹಾಗೇ ಕರ್ಕೊಂಡು ಬಾ, ಹೊಡೀಬೇಡ ಅಂದಳಂತೆ. ಬೆಣ್ಣೆ ತೇಲೋ ಹೊತ್ತಿಗೆ ಎದೆಬಡಿತ ತಾನಾಗೇ ಇಳೀತು. ಇದೆಲ್ಲ ನಿಂಗೆ ಹೇಗೆ ಗೊತ್ತು ಅತ್ತೆ ಅಂದ. ನಿಮ್ಮ ಮಾವ ತೀರ್ಕೊಂಡ ಮೇಲೆ ನಂಗೂ ಹೀಗೇ ಆಗ್ತಿತ್ತು ಕಣೋ, ನಾಚಿಕೆಗೆ ಯಾರ ಹತ್ರನೂ ಬಾಯಿ ಬಿಡಲಿಲ್ಲ ಅಂದಳಂತೆ.

ಹಾಗೆ ದಿನಾ ಕಡೆದ. ಕೆಲವು ದಿನ ಚೆನ್ನಾಗಿತ್ತು, ಕೆಲವು ದಿನ ಏಳೋಕೇ ಆಗ್ತಿರಲಿಲ್ಲ. ಬರಬರ್ತಾ ಹೆದರಿಕೆ ಬಂದು ಹೋಗೋದು ಅಭ್ಯಾಸ ಆಯ್ತು, ನಾಚಿಕೆ ಮಾತ್ರ ಹೋಗಲಿಲ್ಲ. ತಮ್ಮನ ಮುಖ ಹೇಗೆ ನೋಡ್ಲಿ? ಒಂದಿನ ತನ್ನೂರಿಗೆ ಹೊರಟು ಊರ ಗಡಿ ಕಲ್ಲು ಕಂಡು ವಾಪಸ್ ಬಂದ. ಇನ್ನೊಂದಿನ ಬಾವಿ ತನಕ ಹೋದ, ನೀರು ಸೇದೋ ಹೆಂಗಸರು ಅವನನ್ನ ನೋಡಿ ಗಪ್ಪನೆ ಮಾತು ನಿಲ್ಲಿಸಿದ್ರು, ತಡೀಲಾರದೆ ತಿರುಗಿದ. ಮೂರನೇ ಸಲವೂ ಮುಖ ಸುಡ್ತಿತ್ತು. ಸುಡ್ಲಿ ಅಂದ್ಕೊಂಡ. ಅಂಗಾಲಿಗೆ ಮಣ್ಣು ಬಿಸಿಯಾಗಿತ್ತು, ಅಲ್ಲೇ ಮನಸ್ಸಿಟ್ಟು ಒಂದೊಂದೇ ಹೆಜ್ಜೆ ಹಾಕ್ಕೊಂಡು ಹೋದನಂತೆ.

ಸಿದ್ದ ಕೈಗೆ ಬಿದಿರು ದಬ್ಬೆ ಕಟ್ಕೊಂಡು ಜಗಲಿ ಮೇಲೆ ಕೂತಿದ್ದ. ಅಣ್ಣನ್ನ ನೋಡಿ ಮುಖ ತಿರುಗಿಸಿದ. ಮಂಚ ಕೆಳಗೆ ನೆಲದ ಮೇಲೆ ಕೂತ. ಹೆದರಿ ಓಡಿದೆ ಕಣೋ, ನೀನು ನನ್ನ ಕೂಗಿದ್ದು ಕೇಳಿಸ್ತು, ಮೆದೇಲೇ ಇದ್ದೆ, ಬರಲಿಲ್ಲ ಅಂದ. ಸಿದ್ದ ಎಡಗೈಲಿ ದಬ್ಬೆ ಕಟ್ಟು ಸರಿಮಾಡ್ಕೊಂಡ. ಆಮೇಲೆ, ಓಡಿದ್ದಕ್ಕೆ ಸಿಟ್ಟಿಲ್ಲ ಅಣ್ಣ, ಕೈ ಮುರಿದಿದ್ದೂ ಹೋಗ್ಲಿ, ಒಂದ್ಸಲ ನೋಡೋಕೆ ಬರಲಿಲ್ಲವಲ್ಲ, ನಾಯಿ ಬೊಗಳಿದ್ರೂ ನೀನೇ ಬಂದೆ ಅಂತ ಎದ್ದು ನೋಡ್ತಿದ್ದೆ ಅಂತ ಅತ್ತುಬಿಟ್ಟನಂತೆ.  ಅವರವ್ವ ಮುದ್ದೆ, ಸಾರು ತಂದಿಟ್ಟಳು. ಸಿದ್ದ ಎಡಗೈ ಹಾಕೋಕೆ ಹೋದ. ಮಂಚ ತಟ್ಟೆ ತನ್ನ ಕಡೆ ಎಳ್ಕೊಂಡು, ಮುದ್ದೆ ಮುರಿದು, ಸಾರಲ್ಲಿ ಅದ್ದಿ, ತಮ್ಮನ ಬಾಯಿಗಿಟ್ಟನಂತೆ. ಅತ್ತೂ ಅತ್ತೂ ಇಬ್ರೂ ತಟ್ಟೆ ಖಾಲಿ ಮಾಡಿದ್ರಂತೆ.

ಮತ್ತೆ ಕುಸ್ತಿಗೆ ಹೋದನಾ ಅಂತೀಯಾ? ಹೋದ ಕಣವ್ವ. ಹೆದರಿಕೇನೂ ಬಂತು, ಉಸಿರು ನೋಡ್ಕೊಂಡು ನಿಂತ, ತೊಡೆ ತಟ್ಟಿದ. ಗೆದ್ದನಾ? ಇಲ್ಲ, ಸೋತ. ಬೆನ್ನಿಗೆ ಮಣ್ಣು ಹತ್ತಿಸ್ಕೊಂಡು ಎದ್ದು, ಗೆದ್ದವನ ಕೈ ಹಿಡಿದು, ಸಿದ್ದನ ಹೆಗಲ ಮೇಲೆ ಕೈ ಹಾಕಿ, ಎಲ್ಲರ ಮುಂದೆ ನಿಧಾನಕ್ಕೆ ನಡ್ಕೊಂಡು ಮನೆಗೆ ಹೋದನಂತೆ. ಆಮೇಲೆ ಅಣ್ಣತಮ್ಮ ಇಬ್ರೂ ಹೆಣ್ಣು ತಂದು ಮದುವೆ ಮಾಡ್ಕೊಂಡು, ಒಂದೇ ಸೂರಿನ ಕೆಳಗೆ ಜಗಳ ಆಡ್ಕೊಂಡು, ನಕ್ಕೊಂಡು ಬಾಳಿದ್ರಂತೆ. ಇಲ್ಲಿಗೆ ಕತೆ ಮುಗೀತು, ಮಗ್ಗುಲಾಗು ನನ್ನವ್ವ.